ಪೂರ್ವಾನುಮತಿಯಿಲ್ಲದೆ ತೂಕ ಇಳಿಸಿಕೊಂಡಿರುವ ಬಗ್ಗೆ

ಬೊಜ್ಜು ನಿವಾರಣಾ ಇಲಾಖೆ
ಕಾರಾ-ತಾಶ್ ಗಿರಿ ಚಿಕಿತ್ಸಾಲಯ

ಸಂಖ್ಯೆ: ಬೊನಿಇ/ಕರುಳು/47(ಆ)
ದಿನಾಂಕ: 9 ಸೆಪ್ಟೆಂಬರ್

ವಿಷಯ: ಅನಧಿಕೃತ ಬ್ಯಾಕ್ಟೀರಿಯಾಗಳ ಸಹವಾಸದಿಂದ ರೋಗಿಗಳು ಸಣ್ಣಗಾಗಿರುವ ಕುರಿತು.

ಉಲ್ಲೇಖ: ಇದೇ ಇಲಾಖೆಯ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).

1. ಕರುಳಿನ ನಿವಾಸಿಗಳ ಪೈಕಿ ಸಜ್ಜನ ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚಾದಲ್ಲಿ ಬೊಜ್ಜು ತಾನಾಗಿ ಕರಗತಕ್ಕದ್ದೆಂದು ಇಲಾಖೆಯು ತೀರ್ಮಾನಿಸಿ, ಜೂನ್ ತಿಂಗಳಿಂದ ಹದಿನಾಲ್ಕು ರೋಗಿಗಳಿಗೆ ಸದರಿ ಸಜ್ಜನರನ್ನು ಮಾತ್ರೆಯ ರೂಪದಲ್ಲಿ ವಿತರಿಸಿತ್ತು. ಆರು ವಾರಗಳಲ್ಲಿ ಯಾರ ತೂಕವೂ ಇಳಿಯಲಿಲ್ಲ. ಇಬ್ಬರದು ಏರಿತು. ಇದನ್ನು 'ಪ್ರಾರಂಭಿಕ ಯಶಸ್ಸು' ಎಂದು ರಾಜಧಾನಿಗೆ ವರದಿ ಮಾಡಲಾಯಿತು.

2. ಈ ಮಧ್ಯೆ, ಗುಡ್ಡದ ಮೇಲಿನ ಹುಲ್ಲುಗಾವಲಿನಿಂದ ಚಿಕಿತ್ಸಾಲಯಕ್ಕೆ ಕುಮಿಸ್, ಅಂದರೆ ಹುಳಿಸಿದ ಕುದುರೆಹಾಲು, ತಂದುಕೊಡುತ್ತಿದ್ದ ಶ್ರೀಮತಿ ಕಾಲ್‌ಬೂಬು (63) ಅವರಿಗೆ, ಅವರ ಚರ್ಮದ ಚೀಲದಲ್ಲಿರುವ ಪ್ರತಿಯೊಂದು ಬ್ಯಾಕ್ಟೀರಿಯಾದ ಹೆಸರು, ವಯಸ್ಸು ಮತ್ತು ಸ್ವಂತ ಊರನ್ನು ನಮೂನೆ-6ರಲ್ಲಿ ಭರ್ತಿ ಮಾಡಲು ಸೂಚಿಸಲಾಯಿತು. ಅವರು ನೀಡಿದ ಉತ್ತರವನ್ನು ವಾರ್ಡನ್ ಯಥಾವತ್ತಾಗಿ ದಾಖಲಿಸಿದ್ದಾರೆ: "ಅಲ್ಲಪ್ಪಾ, ನನ್ನ ಕುದುರೆಗಳ ಹೆಸರೇ ನಂಗೆ ನೆನಪಿರಲ್ಲ, ಇನ್ನು ಕಣ್ಣಿಗೆ ಕಾಣದವರದ್ದು ಎಲ್ಲಿಂದ ತರ್ಲಿ? ನಾಳೆಯಿಂದ ನಾನು ಇಳಿದು ಬರಲ್ಲ. ಬೇಕಾದವರು ಹತ್ತಿ ಬಂದು ಕುಡೀಲಿ."

3. ಪರಿಣಾಮವಾಗಿ ರೋಗಿಗಳು ಪ್ರತಿದಿನ ನಾಲ್ಕು ಕಿಲೋಮೀಟರ್ ಗುಡ್ಡ ಹತ್ತಿ, ಒಂದು ಬಟ್ಟಲು ಕುಮಿಸ್ ಕುಡಿದು, ನಾಲ್ಕು ಕಿಲೋಮೀಟರ್ ಇಳಿಯತೊಡಗಿದರು. ಆಗಸ್ಟ್ ಅಂತ್ಯಕ್ಕೆ ಎಲ್ಲರೂ ಸಣ್ಣಗಾದರು. ಸಾಧನೆಯು ಮಾತ್ರೆಯದೆಂದು ಎರಡನೆಯ ವರದಿ ಕಳುಹಿಸಲಾಯಿತು.

4. ಆದರೆ ಸದರಿ ರೋಗಿಗಳಲ್ಲೊಬ್ಬರಾದ ಮಿನಿಬಸ್ ಚಾಲಕ ಶ್ರೀ ತಾಶ್‌ಪೊಲೊತ್ (51) ಅವರು ವಿಚಾರಣೆಯಲ್ಲಿ ಅನಗತ್ಯವಾಗಿ ಸತ್ಯ ನುಡಿದಿದ್ದಾರೆ. ಹೊಟ್ಟೆ ಸ್ಟೀರಿಂಗಿಗೆ ತಾಗುತ್ತದೆಂದು ಕಳೆದ ವರ್ಷ ಕೆಲಸದಿಂದ ನಿಂತಿದ್ದ ಇವರು, ಕೆಲಸಕ್ಕೆ ಮರಳಲು ಸೆಪ್ಟೆಂಬರ್ 2ರ ಚಾಲಕರ ವೈದ್ಯಕೀಯ ತಪಾಸಣೆಯೊಳಗೆ 138 ಕಿಲೋದಿಂದ 120ಕ್ಕೆ ಇಳಿಯಬೇಕಿದ್ದು, 119 ಆಗಿದ್ದರು. ಹೇಳಿಕೆ: "ನಿಮ್ಮ ಮಾತ್ರೆ ತಿಂದ್ರೆ ಹಸಿವು ಜಾಸ್ತಿ ಆಗ್ತಿತ್ತು ಸಾರ್. ಜೂನ್ ಕೊನೇಲೇ ಬಿಟ್ಟೆ. ಗೇಟಿನ ಹತ್ರ ಇರೋ ನಾಯಿಗೆ ಹಾಕ್ತಿದ್ದೆ. ಅದೀಗ ಥೇಟ್ ವಾರ್ಡನ್ ಸಾಹೇಬ್ರ ಥರಾನೇ ಇದೆ."

5. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಕುಮಿಸ್ ಮೂಲಕ ಕರುಳು ಪ್ರವೇಶಿಸಿರುವ ಬ್ಯಾಕ್ಟೀರಿಯಾಗಳು ಏಳು ದಿನಗಳೊಳಗೆ ಜಾಗ ಖಾಲಿ ಮಾಡತಕ್ಕದ್ದು. ಸಂಸಾರ ಹೂಡಿರುವವುಗಳಿಗೆ ಇನ್ನೂ ಮೂರು ದಿನ.

(ಆ) ಸದರಿ ನಾಯಿಯನ್ನು ಹದಿನೈದನೆಯ ರೋಗಿಯೆಂದು ಪರಿಗಣಿಸತಕ್ಕದ್ದು.

(ಇ) ಅಕ್ರಮವಾಗಿ ಸಣ್ಣಗಾದವರು ಕಳೆದುಕೊಂಡ ತೂಕವನ್ನು ಮೊದಲು ಮರಳಿ ಪಡೆದು, ಬಳಿಕ ಮಾತ್ರೆಯಿಂದಲೇ ಕಳೆದುಕೊಳ್ಳತಕ್ಕದ್ದು.

6. ಕಂಡಿಕೆ 5(ಇ)ಯನ್ನು ಈ ಸುತ್ತೋಲೆ ಹೊರಡುವ ಮೊದಲೇ, ಸೆಪ್ಟೆಂಬರ್ 1ರಂದು, ಶ್ರೀ ತಾಶ್‌ಪೊಲೊತ್ ಅವರ ಮೇಲೆ ಪ್ರಯೋಗಿಸಲಾಯಿತು. ಕುರಿಮಾಂಸ ಹಾಕಿದ ಶಾವಿಗೆಯ ದೊಡ್ಡ ತಟ್ಟೆಯನ್ನು ಅವರ ಮುಂದಿಟ್ಟು, ಮುಗಿಸುವವರೆಗೆ ಏಳಕೂಡದೆಂದು ತಿಳಿಸಲಾಯಿತು. ಅವರು ಅದನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಯಾರ ಸಹಾಯವೂ ಇಲ್ಲದೆ ತಮ್ಮ ಬೂಟಿನ ಲೇಸು ಕಟ್ಟಿಕೊಂಡರು. "ಏಳು ವರ್ಷ ನನ್ನ ಹೆಂಡ್ತಿ ಕಟ್ತಿದ್ಲು ಸಾರ್," ಎಂದರು. "ಬಾಗಿಲಲ್ಲಿ ಜನ ನೋಡ್ತಿರೋವಾಗ ನಾನು ಮುಖ ಆ ಕಡೆ ತಿರುಗಿಸ್ಕೊಂಡು ನಿಂತಿರ್ತಿದ್ದೆ. ಇದನ್ನ ಮಾತ್ರ ವಾಪಸ್ ಕೊಡಲ್ಲ." ವಾರ್ಡನ್ ಅವರಿಗೆ ಆ ಕ್ಷಣದಲ್ಲಿ ಸೂಕ್ತ ನಿಯಮವು ನೆನಪಾಗಲಿಲ್ಲ.

7. ಸದರಿಯವರು ಅಂದೇ ಹೊರನಡೆದು, ಮರುದಿನ ತಪಾಸಣೆಯಲ್ಲಿ ಉತ್ತೀರ್ಣರಾಗಿ, ಈಗ ಕಣಿವೆಯ ದಾರಿಯಲ್ಲಿ ಬಸ್ ಓಡಿಸುತ್ತಿದ್ದಾರೆ. ಇಲಾಖೆಯ ದಾಖಲೆಯಲ್ಲಿ ಅವರು 138 ಕಿಲೋ ಆಗಿಯೇ ಮುಂದುವರಿಯುತ್ತಾರೆ. ವ್ಯತ್ಯಾಸದ ಹತ್ತೊಂಬತ್ತು ಕಿಲೋ ಎಲ್ಲಿ ಹೋಯಿತೆಂದು ಪತ್ತೆಹಚ್ಚಲು ತ್ರಿಸದಸ್ಯ ಸಮಿತಿ ರಚಿಸಲಾಗಿದೆ.

(ಸಹಿ/-)
ನಿರ್ದೇಶಕರ ಪರವಾಗಿ

ಪ್ರತಿಗಳು:
1. ವಾರ್ಡನ್ ಅವರಿಗೆ, ನಿಯಮ ನೆನಪಿಡುವ ಸೂಚನೆಯೊಂದಿಗೆ.
2. ಕಡತಕ್ಕೆ.
3. ಶ್ರೀಮತಿ ಕಾಲ್‌ಬೂಬು, ಮೇಲಿನ ಹುಲ್ಲುಗಾವಲು, ಇವರಿಗೆ ನಿರ್ದೇಶಕರ ಕೈಯಲ್ಲೇ. ನಿರ್ದೇಶಕರು ಹನ್ನೊಂದು ದಿನಗಳಿಂದ ಮುಂಜಾನೆ ಅತ್ತ 'ಸ್ಥಳ ಪರಿಶೀಲನೆ'ಗೆ ತೆರಳುತ್ತಿದ್ದು, ಅವರ ಬೆಲ್ಟಿಗೆ ಹೊಸ ತೂತು ಹಾಕಿಸಿದ ವಿಷಯವನ್ನು ಕಡತಕ್ಕೆ ಸೇರಿಸತಕ್ಕದ್ದಲ್ಲ.