ಸೆರಗಿಗೆ ಸೈಬರ್ ಕಾವಲು

ಕಳ್ಳರಿಗೆ ಎಳ್ಳಷ್ಟೂ ತ್ರಾಸು ಆಗಬಾರದೆಂದು ಕಾಳಜಿ ಮಾಡುವುದರಲ್ಲಿ ಬನಹಟ್ಟಿಯ ನಮ್ಮ ಪುಟ್ಟ ನೇಕಾರ ಸಂಘವನ್ನು ಮೀರಿಸುವ ಸಂಸ್ಥೆ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹೀಗಾಗಿ ನಮ್ಮಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಸಂಘದ ಮ್ಯಾನೇಜರ್. ಊರೆಲ್ಲ ನನ್ನನ್ನು ಕಾಕಾ ಎನ್ನುತ್ತದೆ. ಕೃಷ್ಣೆಯಿಂದ ಘಟಪ್ರಭೆಯವರೆಗೆ ಕಂಪ್ಯೂಟರ್ ಎಂದರೆ ನಾನೇ. ನಾನು ಇಲ್ಲಿ ಕೀಬೋರ್ಡ್ ಮುಟ್ಟಿದರೆ ಅತ್ತ ಮುಧೋಳದಲ್ಲಿ ವೈರಸ್ಸುಗಳು ಹೆಂಡರು ಮಕ್ಕಳನ್ನು ಕಟ್ಟಿಕೊಂಡು ಊರು ಬಿಡುತ್ತವೆ. ಆದರೆ ನಮ್ಮ ಅಧ್ಯಕ್ಷರ ಮುಂದೆ ನನ್ನ ವಿದ್ಯೆಯೂ ಕೈಮುಗಿದು ಕೂಡುತ್ತದೆ.

ಈ ಸಲ ಕಾಯಬೇಕಾದದ್ದು ಒಂದು ಸೆರಗು. ನಮ್ಮ ಡಿಸೈನರ್ ಹೆಣ್ಣುಮಗಳು ಮಳೆಗಾಲವಿಡೀ ಕಣ್ಣು ಕೆಂಪಗೆ ಮಾಡಿಕೊಂಡು ಕಂಪ್ಯೂಟರಿನಲ್ಲಿ ಅದರ ಚಿತ್ತಾರ ಬಿಡಿಸಿದ್ದಳು. ಮದುವೆ ಸುಗ್ಗಿಗೆ ಅದು ಮೊದಲು ನಮ್ಮ ಮಗ್ಗದಿಂದಲೇ ಇಳಿಯಬೇಕು. ಬೇರೆಯವರ ಕೈಗೆ ಸಿಕ್ಕಿತೋ, ನಮ್ಮ ಸೀರೆಯನ್ನು ಕೇಳುವವರಿಲ್ಲ, ಮಗ್ಗಗಳೆಲ್ಲ ಖಾಲಿ.

ಕಾಯ್ದೆ ಬಂತು

ಜಮಖಂಡಿಯಲ್ಲಿ ಪೊಲೀಸ್ ಸಾಹೇಬರು ಸಂಘ-ಸಂಸ್ಥೆಗಳಿಗೆಲ್ಲ ಒಂದು ತಿಳಿವಳಿಕೆ ಸಭೆ ಕರೆದಿದ್ದರು. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ತೆರೆದು ಅದರೊಳಗಿನದನ್ನು ಕದಿಯುವುದು ಅಪರಾಧ, ಮೂರು ವರ್ಷದವರೆಗೆ ಜೈಲು ಆಗಬಹುದು ಎಂದರು. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಕೆಲಸದ ನಕಲೊಂದನ್ನು ಬೇರೆ ಕಡೆ ಇಡಿ ಎಂದೂ ಹೇಳಿದರು. ಅಧ್ಯಕ್ಷರು ಇದನ್ನೆಲ್ಲ ಕಣ್ಣು ಮುಚ್ಚಿ, ಸಣ್ಣಗೆ ಗೊರಕೆ ಹೊಡೆಯುತ್ತ ಮನನ ಮಾಡಿದರು. ಊರಿಗೆ ಬಂದವರೇ ದಪ್ಪ ತಗಡಿನ ಬೋರ್ಡು ಬರೆಸಿ ಬಾಗಿಲಿಗೆ ಹಾಕಿಸಿದರು: ‘ಇಲ್ಲಿಯ ಕಂಪ್ಯೂಟರ್ ಕದ್ದವರಿಗೆ ಮೂರು ವರ್ಷ ಜೈಲು.’

“ಸಾವಕಾರ್ರ, ಇದನ್ನ ಓದಿ ಕಳ್ಳ ಹೊಳ್ಳಿ ಹೋಗತಾನೇನ್ರಿ?” ಎಂದೆ.

“ಕಾಕಾ, ಕಾಯ್ದೆ ಅಂದ್ರ ಹುಡುಗಾಟ ಅಲ್ಲ” ಎಂದರು.

ವಾರ ಕಳೆಯುವುದರೊಳಗೆ ಯಾರೋ ಬೋರ್ಡನ್ನೇ ಕಿತ್ತುಕೊಂಡು ಹೋದರು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರೆ ಅಧ್ಯಕ್ಷರ ಮುಖದಲ್ಲಿ ದೀಪಾವಳಿ.

“ನೋಡ್ರಿ ಕಾಕಾ, ಕಾಯ್ದೆ ಹೆಂಗ ಕೆಲಸ ಮಾಡಾಕತ್ತೈತಿ! ಬೋರ್ಡ್ ಒಯ್ದಾನ, ಕಂಪ್ಯೂಟರ್ ಮುಟ್ಟಿಲ್ಲ!”

ಗುಟ್ಟಿನ ಪಾಸ್‌ವರ್ಡ್

ಆಮೇಲೆ ನಾನೇ ಕುಳಿತು, ದೆವ್ವಕ್ಕೂ ಬಾಯಿಗೆ ಬಾರದಂಥ ಪಾಸ್‌ವರ್ಡ್ ಕಟ್ಟಿದೆ. ಅರ್ಧ ಅಕ್ಷರ, ಅರ್ಧ ಅಂಕಿ, ನಡುವೆ ಒಂದು ಚುಕ್ಕಿ. ಅಧ್ಯಕ್ಷರಿಗೆ, ಡಿಸೈನರಿಗೆ, ನನಗೆ ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿಲ್ಲ.

ಆದರೆ ನಮ್ಮ ಊರು ಪವರ್‌ಲೂಮಿನ ಊರು. ಹಗಲೆಲ್ಲ ಮಗ್ಗಗಳ ಖಡಖಡ. ಅದರ ನಡುವೆ ಹುಟ್ಟಿ ಬೆಳೆದ ನಾವು ಗುಟ್ಟನ್ನೂ ಹರಾಜು ಕೂಗಿದಂತೆ ಕೂಗುತ್ತೇವೆ. ಅಧ್ಯಕ್ಷರು ಕಂಪ್ಯೂಟರ್ ಮುಂದೆ ಕುಳಿತು, ಓಣಿಯ ಆಚೆ ಚಹಾದಂಗಡಿಯಲ್ಲಿದ್ದ ನನಗೆ ಕಿಟಕಿಯಿಂದ ಒದರಿದರು: “ಕಾಕಾ! ಚುಕ್ಕಿ ಆದ ಮ್ಯಾಲೆ ಏನ್ರಿ? ಒಂಬತ್ತೇನು?”

ನಾನು ಬಾಯಿಗೆ ಬೆರಳು ಇಟ್ಟು ‘ಸುಮ್ಮನಿರಿ’ ಎಂದು ಸನ್ನೆ ಮಾಡಿದೆ. ಅಷ್ಟರಲ್ಲಿ ಚಹಾದವನು ಕಪ್ಪು-ಬಸಿ ತೊಳೆಯುತ್ತಲೇ ಕೂಗಿದ:

“ಒಂಬತ್ತಲ್ರೀ ಸಾವಕಾರ್ರ, ಏಳು! ದಿನಾ ಅದನ್ನ ತಪ್ಪತೀರಿ ನೋಡ್ರಿ!”

ಬೇರೆ ಕಡೆ ಇಟ್ಟ ನಕಲು

ಉಳಿದದ್ದು ನಕಲಿನ ಮಾತು. ಸೆರಗನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, “ಬ್ಯಾಂಕ್ ಲಾಕರಿನ್ಯಾಗ ಇಡ್ರಿ” ಎಂದೆ. ಅಧ್ಯಕ್ಷರಿಗೆ ಲಾಕರಿನ ಮೇಲೆ ನಂಬಿಕೆ ಇಲ್ಲ, ಬೀಗರ ಮೇಲೆ ಇದೆ. ಬಾಡಗಂಡಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಬೀಗರಿಗೆ ಒಯ್ದು ಕೊಟ್ಟರು.

ಕಬ್ಬಿನ ಟ್ರ್ಯಾಕ್ಟರ್ ಡೀಸೆಲ್ ಇಲ್ಲದಿದ್ದರೂ ಓಡೀತು, ಹಾಡಿಲ್ಲದೆ ಒಂದು ಗಾಲಿಯೂ ಉರುಳದು. ಕೆಲವು ದಿನ ಬಿಟ್ಟು ಬೀಗರೇ ಫೋನ್ ಮಾಡಿದರು. “ನೀವು ಕೊಟ್ಟ ಪೆನ್‌ಡ್ರೈವ್ ಛಲೋ ಐತ್ರಿ ಬೀಗರ, ಆವಾಜ್ ಜಬರ್ದಸ್ತ್! ಒಳಗ ಏನೋ ಕಸ ಇತ್ತು, ಹಾಡು ಹಿಡಿಸವಲ್ಲವು. ಅಳಿಸಿ ಸ್ವಚ್ಛ ಮಾಡೇನಿ, ಕಾಳಜಿ ಮಾಡಬ್ಯಾಡ್ರಿ.”

ಖಂಡೇ ಪೂಜೆ

ಇನ್ನು ಸೆರಗು ಇದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ. ನಾನು ಹಾವಿನಂತೆ ಕಾಯುತ್ತಿದ್ದೆ. ಅಷ್ಟರಲ್ಲಿ ದಸರೆಯ ಖಂಡೇ ಪೂಜೆ ಬಂತು. ಆವತ್ತು ಮಗ್ಗ, ಮೋಟಾರು, ತಕ್ಕಡಿ ಎಲ್ಲಕ್ಕೂ ಪೂಜೆ. ಊರ ವ್ಯಾಪಾರಿಗಳನ್ನೆಲ್ಲ ಕರೆದು ಪ್ರಸಾದ ಕೊಡುವ ರೂಢಿ. ರಬಕವಿಯ ಒಬ್ಬ ಸೀರೆ ವ್ಯಾಪಾರಿ ವರ್ಷವೆಲ್ಲ ನಮ್ಮ ವೈರಿ. ಆವತ್ತು ಮಾತ್ರ ಮುಖ್ಯ ಅತಿಥಿ!

ಅಯ್ಯನವರು ಕಂಪ್ಯೂಟರಿಗೆ ವಿಭೂತಿ ಹಚ್ಚಿ, “ಕಣ್ಣು ಮುಚ್ಚಿದ ಯಂತ್ರಕ್ಕ ಪೂಜಾ ಮುಟ್ಟೂದಿಲ್ಲ, ಚಾಲೂ ಮಾಡ್ರಿ” ಎಂದರು. ಚಾಲೂ ಆಯಿತು. ಆಗ ಅಧ್ಯಕ್ಷರಿಗೆ ಭಕ್ತಿ ಉಕ್ಕಿತು. “ಬರೇ ನೀಲಿ ಪರದೆಗೆ ಏನ್ ಪೂಜಾ? ಹೊಸಾ ಸೆರಗು ತಗಿಯವ್ವಾ, ಆಶೀರ್ವಾದ ಆಗಲಿ!”

ಡಿಸೈನರ್ ಹೌಹಾರಿದಳು. “ಸಾವಕಾರ್ರ, ಮಂದಿ ಅದಾರ್ರಿ!”

“ದೇವರ ಮುಂದ ಪಾಸ್‌ವರ್ಡ್ ಹಚ್ಚತಿಯೇನ ಬೇ? ತಗಿ!”

ಸೆರಗು ಬೆಳಗಿತು. ರಬಕವಿಯವರು ಮುಂದೆ ಬಂದು ಭಕ್ತಿಯಿಂದ ಕಾಯಿ ಒಡೆದರು.

ದೀಪಾವಳಿ ಮುಗಿದಿರಲಿಲ್ಲ, ನನ್ನ ಹೆಂಡತಿ ಜಮಖಂಡಿ ಪೇಟೆಯಿಂದ ಹೊಸ ಸೀರೆ ತಂದು ಹರವಿ, “ಸೆರಗು ಹೆಂಗೈತ್ರಿ? ರಬಕವಿ ಮಾಲಂತ” ಎಂದಳು. ನೋಡಿದರೆ, ನಮ್ಮ ಮಗ್ಗದಿಂದ ಇನ್ನೂ ಇಳಿಯದ ನಮ್ಮದೇ ಸೆರಗು! ಆಫೀಸಿಗೆ ಒಯ್ದು ತೋರಿಸಿದೆ. ಡಿಸೈನರ್ ಅದನ್ನೊಮ್ಮೆ ಸವರಿ, ಕಂಪ್ಯೂಟರ್ ಬಂದ್ ಮಾಡಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಧ್ಯಕ್ಷರು ತಲೆಗೆ ರುಮಾಲು ಸುತ್ತಿಕೊಂಡು, ನನ್ನನ್ನೂ ಎಳೆದುಕೊಂಡು, ಜಿಲ್ಲೆಯ ಸೈಬರ್ ಠಾಣೆಗೆ ನಡೆದರು. ಅಲ್ಲಿಯ ಸಾಹೇಬರು ಶಾಂತವಾಗಿ ಕೇಳಿಕೊಂಡರು. “ನಿಮ್ಮ ಅನುಮತಿ ಇಲ್ಲದ ತಗೊಂಡಾನ ಅಂತ ತೋರಿಸ್ರಿ, ಕಾಯ್ದೆ ಅವನ್ನ ಬಿಡೂದಿಲ್ಲ. ಏನರೆ ಸಾಕ್ಷಿ ಐತೇನ್ರಿ?”

“ಪೂಜಾದ ವಿಡಿಯೊ ಐತ್ರಿ! ಫೋಟೊ ಹೊಡಕೊಂಡದ್ದು ಸ್ವಚ್ಛ ಕಾಣತೈತಿ!” ಎಂದು ಅಧ್ಯಕ್ಷರು ಮೊಬೈಲ್ ಮೇಜಿನ ಮೇಲೆ ಬಡಿದಿಟ್ಟರು.

ಸ್ವಚ್ಛವಾಗಿಯೇ ಕಂಡಿತು. ರಬಕವಿಯವರು ಮೊಬೈಲ್ ಎತ್ತಿ ಹಿಡಿದಿದ್ದಾರೆ. ಚೆಂಡುಹೂವಿನ ಮಾಲೆ ಸೆರಗಿಗೆ ಅಡ್ಡ ಬರುತ್ತಿದೆ. ಆಗ ಇನ್ನೊಬ್ಬ ಮನುಷ್ಯ, ಬರೀ ಬೆನ್ನು ಕಾಣುತ್ತಿದೆ, ಮಾಲೆಯನ್ನು ಮೆಲ್ಲಗೆ ಸರಿಸಿ, ಪರದೆಯನ್ನು ಧೋತರದ ಚುಂಗಿನಿಂದ ಒರೆಸಿ, “ಹತ್ರ ಬಂದು ಹೊಡೀರಿ, ಅಂಚು ಸುದ್ದಾ ಬರಲಿ” ಎನ್ನುತ್ತಿದ್ದಾನೆ.

ಸಾಹೇಬರು ವಿಡಿಯೊ ನಿಲ್ಲಿಸಿದರು. “ಈ ಹೂ ಸರಿಸಾಕತ್ತಾವ ಯಾರ್ರಿ?”

ಅಧ್ಯಕ್ಷರು ಮೇಜಿನ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಹಲ್ಲು ಕಡಿದರು. “ಅವನ ಕಡ್ಯಾವ ಇರಬೇಕ್ರಿ ಸಾಹೇಬರ! ಮೊದಲ ಈ ಹಲ್ಕಟ್‌ನ ಒಳಗ ಹಾಕ್ರಿ!”

ಸಾಹೇಬರು ಮತ್ತೆ ವಿಡಿಯೊ ಹಚ್ಚಿದರು. ಬೆನ್ನು ತಿರುಗಿಸಿದ್ದ ಮನುಷ್ಯ ಈ ಕಡೆ ಹೊರಳಿ, ರುಮಾಲು ಸರಿಮಾಡಿಕೊಂಡು, ಕ್ಯಾಮೆರಾಕ್ಕೆ ನಗುನಗುತ್ತಾ ಕೈಮುಗಿದ. ನಮ್ಮ ಅಧ್ಯಕ್ಷರು.