ಸತ್ತವಳ ಎದೆಯೇರಿ ಕೂತ ಗಿಬ್ಬನ್ಸ್ ಅವರಿಗೆ

ಥಾರ್ನ್‌ಸಿ ಊರಿನ ಕಡಲದಂಡೆಯ ರಂಗಮಂದಿರದಲ್ಲಿ ಇಲಿ ಹಿಡಿಯುವ ಅಧಿಕಾರದಲ್ಲಿರುವ, ಬೆಕ್ಕುಗಳಲ್ಲಿ ಶ್ರೇಷ್ಠರಾದ ಗಿಬ್ಬನ್ಸ್ ಅವರ ನಾಲ್ಕೂ ಪಾದಗಳಿಗೆ ನಟಿ ಹೆಸ್ಟರ್ ಪಾಮ್‌ಫ್ರೆ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕೀರ್ತಿಯನ್ನು ಮೊದಲು ಸಾರಿದವನು ನಮ್ಮ ಬಾಗಿಲು ಕಾಯುವ ಓಸ್ವಿನ್. ಕಳೆದ ಬುಧವಾರ ರಾತ್ರಿ, ನಾಟಕ ಮುಗಿದ ಮೇಲೆ, ಎದುರಿನ ಪಬ್ಬಿನಲ್ಲಿ, ಮೀಸೆಗೆ ಬಿಯರಿನ ನೊರೆ ಹತ್ತಿಸಿಕೊಂಡು. "ಅಜ್ಜಿ ಚೆನ್ನಾಗೇ ಸತ್ಲು ಕಣ್ರಯ್ಯಾ, ಆದ್ರೆ ಪಾರ್ಟು ಮಾಡಿದ್ದು ಬೆಕ್ಕು" ಎಂದನಂತೆ.

ನನ್ನ ವೃತ್ತಿಯ ಬಗ್ಗೆ ತಮಗೆ ತಿಳಿದಿರಲಾರದು. ಹತ್ತೊಂಬತ್ತನೆಯ ವಯಸ್ಸಿಗೆ ಕೆಲಸದವಳ ವೇಷದಲ್ಲಿ ಟೀ ತಟ್ಟೆ ಹಿಡಿದು ರಂಗಕ್ಕೆ ಬಂದೆ; ಆ ತಟ್ಟೆ ಕೆಳಗಿಡುವಷ್ಟರಲ್ಲಿ ಯೌವನ ಕಳೆದಿತ್ತು. ಸಿನಿಮಾದಲ್ಲಿ ರೈಲಿನ ಕಿಟಕಿಯೊಳಗೆ ಕಾಣಿಸಿಕೊಂಡೆ. ರೈಲು ಬಹಳ ವೇಗವಾಗಿತ್ತು. ಟೀವಿಯ ಪತ್ತೇದಾರಿ ಧಾರಾವಾಹಿಗಳಲ್ಲಿ ಮೊದಲ ಜಾಹೀರಾತು ಬರುವ ಮುಂಚೆಯೇ ಹೆಣವಾಗಿ ಸಿಗುತ್ತಿದ್ದೆ. ಈಗ ಎಪ್ಪತ್ತೊಂದಕ್ಕೆ ಮೊದಲ ಸಲ ನಾಯಕಿಯಾಗಿದ್ದೇನೆ, ಮಾತಾಡಿ ಸಾಯುವ ಪಾತ್ರ. ಶನಿವಾರ ಲಂಡನ್ನಿನ ರಂಗಮಂದಿರದ ಮಾಲೀಕರು ನೋಡಲು ಬರುತ್ತಾರೆ. ಮೆಚ್ಚಿದರೆ ನಾಟಕ ಲಂಡನ್ನಿಗೆ, ಇಲ್ಲದಿದ್ದರೆ ನಾನು ಮತ್ತೆ ಹೆಣದ ಕೆಲಸಕ್ಕೆ.

ರಂಗದ ಮೇಲೆ ಮೀನೆಂದರೆ ನಾವೆಲ್ಲ ಹಿಸುಕಿದ ಬಾಳೆಹಣ್ಣನ್ನೇ ತಿನ್ನುವುದು. ಸಾಯುವ ಮುಂಚಿನ ತಿಂಡಿಯಾದರೂ ನಿಜವಾಗಿರಲಿ ಎಂದು ನಾನು ಹೊಗೆಯಾಡಿಸಿದ ಮೀನಿಗೇ ಹಟ ಹಿಡಿದೆ. "ಬಾಳೆಹಣ್ಣನ್ನ ಮೀನು ಅಂತ ತಿನ್ನೋಕೇ ಅಲ್ವೇನಮ್ಮ ನಿಂಗೆ ಸಂಬಳ?" ಎಂದರು ನಿರ್ದೇಶಕಿ. ನಾನು ಕೇಳಲಿಲ್ಲ.

ಬುಧವಾರ ಕೊನೆಯ ಮಾತಾಡಿ ಕುರ್ಚಿಯಲ್ಲಿ ತಲೆ ವಾಲಿಸಿದೆ. ಸಭೆ ಕರವಸ್ತ್ರ ತೆಗೆಯುತ್ತಿತ್ತು. ತಾವು ದಯಮಾಡಿಸಿ, ಮೀನು ಮುಗಿಸಿ, ನನ್ನ ಎದೆಯೇರಿ ಕೂತು ಮುಖ ತೊಳೆಯಲು ತೊಡಗಿದಿರಿ. ಸತ್ತವಳು ಬೆಕ್ಕನ್ನು ಓಡಿಸುವಂತಿಲ್ಲ. ತಮ್ಮ ಮೀಸೆ ನನ್ನ ಮೂಗಿಗೆ ತಾಗಿತು, ಹೆಣ ಸೀನಿತು, ಸಭೆ ಕರವಸ್ತ್ರ ಬಿಟ್ಟು ನಗತೊಡಗಿತು.

ತಮ್ಮನ್ನು ಕೂಡಿಹಾಕಿ ಎಂದರೆ ಯಾರೂ ಒಪ್ಪರು. ರಂಗಮಂದಿರದ ಬೆಕ್ಕನ್ನು ನೋಯಿಸಿದರೆ ನಾಟಕವೇ ಮುಳುಗುತ್ತದೆಂಬ ಭಯ ನಮ್ಮವರಿಗೆ. ಆದ್ದರಿಂದ ತಮ್ಮನ್ನೇ ಬೇಡುತ್ತೇನೆ: ಸಭೆಗೆ ಬೆನ್ನು ಮಾಡಿ ಮುಖ ತೊಳೆಯಿರಿ, ನನ್ನ ಸಾವಿಗೆ ಅರ್ಧ ನಿಮಿಷವಾದರೂ ಗೌರವ ಕೊಡಿ, ಚಪ್ಪಾಳೆಯಾದಾಗ ನನಗಿಂತ ಮೊದಲು ರಂಗದಂಚಿಗೆ ಹೋಗಬೇಡಿ.

ಓಸ್ವಿನ್ ಹೇಳಿದ್ದನ್ನು ಕೇಳಿದವರು ಮರುದಿನ ಬೆಳಿಗ್ಗೆ ಟಿಕೆಟ್ ಕಿಟಕಿ ತೆರೆಯುವ ಮುಂಚೆಯೇ ಸಾಲು ನಿಂತಿದ್ದರು. ನಾಯಕಿ ಯಾರೆಂದು ಒಬ್ಬರೂ ಕೇಳಲಿಲ್ಲ. "ಬೆಕ್ಕು ಶನಿವಾರಾನೂ ಬರತ್ತೇನ್ರೀ?" ಎಂದಷ್ಟೇ ಕೇಳಿದರು.

ತಮ್ಮ ವಿಶ್ವಾಸಿ,
ಹೆಸ್ಟರ್ ಪಾಮ್‌ಫ್ರೆ
(ಸದ್ಯಕ್ಕೆ ಜೀವಂತ)

ತಾ.ಕ.: ನಿನ್ನೆ ಶುಕ್ರವಾರ ತಟ್ಟೆಗೆ ಬಾಳೆಹಣ್ಣು ಹಾಕಿಸಿದೆ. ತಾವು ಬರಲಿಲ್ಲ. ಯಾವ ಅಡ್ಡಿಯೂ ಇಲ್ಲದೆ ಸತ್ತೆ; ಎಷ್ಟು ನೆಮ್ಮದಿಯ ಸಾವೆಂದರೆ, ಮುಂದಿನ ಸಾಲಿನವರೊಬ್ಬರು ಪೆಪ್ಪರಮೆಂಟಿನ ಕಾಗದ ಬಿಚ್ಚಿದ್ದು ಕೇಳಿಸಿತು. ಇವತ್ತೂ ತಟ್ಟೆಯಲ್ಲಿರುವುದು ಬಾಳೆಹಣ್ಣೇ. ಮೀನು ನನ್ನ ಶಾಲಿನ ಎಡಮಡಿಕೆಯಲ್ಲಿದೆ. ಲಂಡನ್ನಿನವರು ಮೂರನೆಯ ಸಾಲಿನಲ್ಲಿರುತ್ತಾರೆ, ದಯವಿಟ್ಟು ತಡಮಾಡಬೇಡಿ. ಸೀನುವುದನ್ನು ನನಗೆ ಬಿಡಿ.