ಇನ್‌ಸ್ಪೆಕ್ಟರ ಮನೆಯ ಫ್ಯೂಸ್ ಬೋರ್ಡು

ಇನ್‌ಸ್ಪೆಕ್ಟರು: ಹನ್ನೆರಡು ವರ್ಷದಿಂದ ಈ ಮನೇಲಿ ಒಂದೇ ಒಂದು ಸಲ ಫ್ಯೂಸ್ ಹೋಗಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇನಯ್ಯ ನಿನಗೆ?

ಎಲೆಕ್ಟ್ರಿಷಿಯನ್: ನನ್ನ ಭಯಾನೂ ಅದೇ ಸಾರ್. ಹೋಗ್ಬೇಕಾದ್ದು ಫ್ಯೂಸು. ಅದು ಹೋಗ್ದೇ ಇದ್ರೆ ಮನೆ ಹೋಗುತ್ತೆ.

ಕುರ್ಚಿ ಮೇಲೆ ನಿಂತಿದ್ದ ಎಲೆಕ್ಟ್ರಿಷಿಯನ್ ಹಳೆಯ ಮರದ ಹಲಗೆಯಿಂದ ಪಿಂಗಾಣಿಯ ಫ್ಯೂಸೊಂದನ್ನು ಕಿತ್ತು ತೋರಿಸಿದ. ಕೂದಲೆಳೆಯಂಥ ತಂತಿ ಇರಬೇಕಾದ ಜಾಗದಲ್ಲಿ ಬಟ್ಟೆ ಒಣಹಾಕುವಷ್ಟು ದಪ್ಪದ ತಾಮ್ರ ಕೂತಿತ್ತು. ಹಾಕಿದವರು ಯಾರು ಎಂದು ಅವನು ಕೇಳಲಿಲ್ಲ, ಪಾಪ, ಮರ್ಯಾದಸ್ಥ. ಹಾಕಿದವರೇ ಕೆಳಗೆ ಅವನ ಕುರ್ಚಿ ಹಿಡಿದುಕೊಂಡು ನಿಂತಿದ್ದರು.

ಈ ಇನ್‌ಸ್ಪೆಕ್ಟರು ಪೊಲೀಸರಲ್ಲ. ಮೂವತ್ತೊಂದು ವರ್ಷ ವಿದ್ಯುತ್ ಕಚೇರಿಯಲ್ಲಿದ್ದು, ಕಂಡವರ ಮನೆಗೆಲ್ಲ ನುಗ್ಗಿ, ಬೋರ್ಡು ಸರಿಯಿಲ್ಲ, ವೈರು ಸರಿಯಿಲ್ಲ ಎಂದು ಕರೆಂಟು ಕಿತ್ತು ಬಂದವರು. ಹೆಂಡತಿಯ ಸ್ವಂತ ಅಣ್ಣನ ಮನೆಯನ್ನೂ ಬಿಟ್ಟವರಲ್ಲ. ಆಕೆ ಎರಡು ವರ್ಷ ತವರಿನ ಕಡೆ ತಲೆ ಹಾಕಲಾರದೆ ಕೂತಿದ್ದಳು. ಅಂಥವರ ಮನೆಯ ಬೋರ್ಡನ್ನು ಮಾತ್ರ ಇವತ್ತಿನವರೆಗೆ ಒಬ್ಬರೂ ತಪಾಸಣೆ ಮಾಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ.

ಹೆಂಡತಿ: ಗೋಡೆ ಮೇಲೆ ಕಪ್ಪಗಾಗಿದೆಯಲ್ರೀ, ಅದನ್ನಾದ್ರೂ ನೋಡಿ.

ಇನ್‌ಸ್ಪೆಕ್ಟರು: ಅದು ಧೂಳು ಕಣೆ. ಒರೆಸಿದ್ರೆ ಹೋಗುತ್ತೆ.

ಎಲೆಕ್ಟ್ರಿಷಿಯನ್: ಒರೆಸ್ಬೇಡಿ ಅಮ್ಮ. ಅದು ಹೊಗೆ.

ಇನ್‌ಸ್ಪೆಕ್ಟರು: ನಮ್ಮ ಮನೇಲಿ ಶಿಸ್ತಿದೆ ಕಣಯ್ಯ. ಬೋರ್ಡು ಹೊಸದೋ ಹಳೇದೋ, ಶಿಸ್ತಿದ್ರೆ ಸಾಕು.

ಆ ಶಿಸ್ತು ಏನೆಂಬುದನ್ನು ಹೆಂಡತಿಯೇ ವಿವರಿಸಿದಳು. ಮಿಕ್ಸಿ ಹಾಕುವ ಮೊದಲು ಅಡುಗೆಮನೆಯಿಂದ ಆಕೆ ಕೂಗಬೇಕು. ಇವರು ಎದ್ದು ಹೋಗಿ ಫ್ರಿಜ್ ಆರಿಸಿ 'ಹೂಂ' ಅನ್ನಬೇಕು. ಗೀಸರ್ ಉರಿಯುತ್ತಿದ್ದರೆ ಇಸ್ತ್ರಿ ಮಾಡುವ ಹಾಗಿಲ್ಲ, ಬಟ್ಟೆ ಒಗೆಯುವ ಮಿಷನ್ ತಿರುಗುತ್ತಿದ್ದರೆ ಸ್ನಾನ ಮಾಡುವ ಹಾಗಿಲ್ಲ. ನೆಂಟರು ಬಂದರೆ ಬಾಗಿಲಲ್ಲೇ ಅವರಿಗೆ ಈ ಪಾಠವಾಗಬೇಕು. ಕೇಳುತ್ತ ಎಲೆಕ್ಟ್ರಿಷಿಯನ್ ಕುರ್ಚಿಯಿಂದ ಇಳಿದು ಗೋಡೆಗೊರಗಿ ನಿಂತ.

ಆಕೆಗೆ ಮಿಕ್ಸಿಯ ಚಿಂತೆ ಇರಲಿಲ್ಲ. ಮಗಳಿಗೆ ಹೆಣ್ಣು ಮಗು ಹುಟ್ಟಿ ಮೂರು ತಿಂಗಳಾಗಿತ್ತು. ಬಂದರೆ ತೊಟ್ಟಿಲು ಹಾಕಬೇಕಾದ್ದು ಇದೇ ಕೋಣೆಯಲ್ಲಿ, ಈ ಬೋರ್ಡಿನ ಕೆಳಗೆ. ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಅದು ಗೋಡೆ ಮೇಲಿರೋ ತನಕ ಮಗೂನ ಆ ಮನೆಗೆ ತರೋದಿಲ್ಲ. ಮೊಮ್ಮಗಳನ್ನು ಫೋನಿನಲ್ಲೇ ನೋಡಿ ನೋಡಿ ಅಜ್ಜಿಗೆ ಸಾಕಾಗಿಹೋಗಿತ್ತು.

ಹೆಂಡತಿ: ಮಗು ಬರೋದು ಬೇಡ್ವಾ ನಿಮಗೆ?

ಇನ್‌ಸ್ಪೆಕ್ಟರು: ಬರ್ಲಿ. ನಾನಿದ್ದೀನಲ್ಲ ಕಾವಲಿಗೆ.

ಎಲೆಕ್ಟ್ರಿಷಿಯನ್: ಬೆಂಕಿ ನಿಮ್ಮನ್ನ ಕೇಳ್ಕೊಂಡು ಬರುತ್ತಾ ಸಾರ್?

ಇನ್‌ಸ್ಪೆಕ್ಟರು: ನೀನು ಹುಟ್ಟೋಕೆ ಮುಂಚೆ ನಾನು ಕಂಬ ಹತ್ತಿದೋನು. ನನಗೇ ಹೇಳಿಕೊಡ್ತೀಯಾ?

ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ, ಇನ್ನು ಇಲ್ಲಿ ತನಗೇನೂ ಕೆಲಸವಿಲ್ಲ ಎಂದ. ಹೆಂಡತಿ ಅವನನ್ನು ಎರಡು ನಿಮಿಷ ಕೂರಿಸಿ ಒಳಗೆ ಹೋದಳು. ಗಂಡನೊಡನೆ ನಲವತ್ತು ವರ್ಷ ಏಗಿದವಳು. ಯಾವ ಕೀಲಿಗೆ ಎಣ್ಣೆ ಬಿಡಬೇಕೆಂದು ಗೊತ್ತಿತ್ತು. ಹೊರಗೆ ಬಂದಾಗ ಕೈಯಲ್ಲಿ ಅವರ ಕನ್ನಡಕ, ಪೆನ್ನು, ನಿವೃತ್ತಿಯ ದಿನ ಕಚೇರಿಯಿಂದ ತಂದಿಟ್ಟುಕೊಂಡಿದ್ದ ತಪಾಸಣೆ ನಮೂನೆಯ ಪುಸ್ತಕ. ಸೆರಗು ಸರಿಮಾಡಿಕೊಂಡು ಗಂಡನ ಎದುರು ನಿಂತಳು.

ಹೆಂಡತಿ: ಸಾರ್, ಒಂದು ದೂರು ಕೊಡಬೇಕಿತ್ತು.

ಇನ್‌ಸ್ಪೆಕ್ಟರು: ನಾಟಕ ಆಡ್ಬೇಡ ಕಣೆ, ಹೊರಗಿನೋರು ಇದಾರೆ.

ಹೆಂಡತಿ: ತಗೊಳ್ಳೋದಿಲ್ಲ ಅಂತ ಬರ್ಕೊಡಿ ಹಾಗಾದ್ರೆ. ನಿಮ್ಮ ಮೇಲಿನೋರ ಹತ್ರ ಹೋಗ್ತೀನಿ.

ಆ ಮಾತು ನೇರ ಎದೆಗೆ ನಾಟಿತು. ಮೂವತ್ತೊಂದು ವರ್ಷದಲ್ಲಿ ಇವರು ದೂರು ತೆಗೆದುಕೊಳ್ಳಲಿಲ್ಲವೆಂದು ಯಾರೊಬ್ಬರೂ ಮೇಲಧಿಕಾರಿಯ ಬಾಗಿಲು ತಟ್ಟಿರಲಿಲ್ಲ. ಪುಸ್ತಕವನ್ನು ಕಿತ್ತುಕೊಂಡರು. ಕನ್ನಡಕ ಏರಿತು, ಬೆನ್ನು ನೆಟ್ಟಗಾಯಿತು. ಅಧಿಕಾರ ಹೋಗಿ ಒಂಬತ್ತು ವರ್ಷವಾಗಿತ್ತು, ಅಭ್ಯಾಸ ಎಲ್ಲಿ ಹೋಗುತ್ತೆ.

ಕುರ್ಚಿ ಹತ್ತಿ ಮೂಸಿದರು. ಹಲಗೆಯ ಹಿಂದೆ ಪೆನ್ನಿನ ತುದಿ ತೂರಿಸಿ ವೈರಿನ ಹೊದಿಕೆ ಮುಟ್ಟಿದರೆ ಅದು ಹಪ್ಪಳದ ಹಾಗೆ ಪುಡಿಯಾಯಿತು. ಬಾಯಿಯಲ್ಲಿ ಲೊಚಗುಟ್ಟಿದರು. ಅರ್ಥಿಂಗ್ ಎಲ್ಲಿ ಎಂದು ಹುಡುಕಿದರು, ಸಿಗಲಿಲ್ಲ. ಆ ದಪ್ಪ ತಾಮ್ರ ಕಂಡಾಗಲಂತೂ ಮುಖ ಕೆಂಪಾಯಿತು. ಇದನ್ನು ಹಾಕಿದ ಕತ್ತೆ ಯಾರೋ ಎಂದು ಗೊಣಗಿದರು. ಎಲೆಕ್ಟ್ರಿಷಿಯನ್ ಕಿಟಕಿಯ ಕಡೆ ತಿರುಗಿ ಕೆಮ್ಮಿದ. ಬರೆಯುತ್ತ ಬರೆಯುತ್ತ ನಮೂನೆಯ ಎರಡು ಪುಟ ತುಂಬಿತು. ಕೊನೆಗೆ ಮೇನ್ ಸ್ವಿಚ್ಚಿನ ಹಿಡಿ ಎಳೆದರು. ಫ್ಯಾನು, ಫ್ರಿಜ್ಜು ಎಲ್ಲ ಒಟ್ಟಿಗೆ ಸುಮ್ಮನಾದವು.

ಇನ್‌ಸ್ಪೆಕ್ಟರು: ಇದನ್ನ ಪೂರ್ತಿ ಕಿತ್ತು ಹೊಸದು ಹಾಕೋವರೆಗೆ ಈ ಮನೆಗೆ ಕರೆಂಟ್ ಕೊಡಕೂಡದು. ಏನಯ್ಯ, ಯಾವಾಗ ಶುರು ಮಾಡ್ತೀಯ?

ಎಲೆಕ್ಟ್ರಿಷಿಯನ್: ಈಗ್ಲೇ ಸಾರ್.

ಇನ್‌ಸ್ಪೆಕ್ಟರು: ಮನೆ ಯಾರ ಹೆಸರಲ್ಲಿದೆ?

ಹೆಂಡತಿ: ನನ್ನ ಹೆಸರಲ್ಲೇ ಸಾರ್.

ಇನ್‌ಸ್ಪೆಕ್ಟರು: ಇಂಥ ಬೋರ್ಡ್ ಇಟ್ಕೊಂಡು ಇಷ್ಟು ವರ್ಷ ಏನಮ್ಮ ಮಾಡ್ತಿದ್ರಿ?

ಹೆಂಡತಿ: ನಮ್ಮ ಯಜಮಾನ್ರು ಒಪ್ತಿರ್ಲಿಲ್ಲ ಸಾರ್.

ಇನ್‌ಸ್ಪೆಕ್ಟರು: ಎಲ್ಲಾ ಮನೇಲೂ ಇದೇ ಕಥೆ. ಆ ಮನುಷ್ಯನ ಮಾತು ಕಟ್ಕೊಂಡು ಕೂತ್ರೆ ಸುಟ್ಟು ಬೂದಿಯಾಗ್ತೀರಿ, ಅಷ್ಟೆ.

ಹೇಳಿದ ಮೇಲೆ ಪೆನ್ನು ನಿಂತಿತು. ಕನ್ನಡಕದ ಮೇಲಿನಿಂದ ನಿಧಾನವಾಗಿ ಹೆಂಡತಿಯ ಮುಖ ನೋಡಿದರು. ಆಕೆ ಆಗಲೇ ಮಗಳಿಗೆ ಫೋನು ಹಚ್ಚಿದ್ದಳು. ಅತ್ತ ಗಂಟೆ ಹೊಡೆಯುತ್ತಿತ್ತು.

ಹೆಂಡತಿ: ಅದನ್ನೂ ಷರಾದಲ್ಲಿ ಬರೆದುಬಿಡಿ ಸಾರ್. ಅವರು ಯಾರ ಮಾತೂ ಕೇಳದೇ ಇದ್ರೂ ನಿಮ್ಮ ಮಾತು ಕೇಳ್ತಾರೆ.